ಗುಬ್ಬಿಯ ಶಾಸಕರೂ ಸಾರಿಗೆಯ ಲೆಕ್ಕಪತ್ರವೂ

ನಮ್ಮ ಜಿಲ್ಲೆಯ ಸಂಚಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರೈಲಿನಿಂದ ಆರಂಭಿಸುವುದುಂಟು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಹಳಿ ಬಂದಿತು. ಗುಬ್ಬಿಯೂ ಅದೇ ಮಾರ್ಗದಲ್ಲಿದೆ. ಕುಣಿಗಲ್ಲಿನ ಮೂಲಕ ಸಾಗುವ ಬೆಂಗಳೂರು–ಹಾಸನ ಮಾರ್ಗ ಪೂರ್ಣಗೊಂಡುದು 2017ರಲ್ಲಿ. ಆದರೆ ಈ ಎರಡು ಹಳಿಗಳು ಜಿಲ್ಲೆಯೊಳಗೆ ಎಲ್ಲಿಯೂ ಕೂಡುವುದಿಲ್ಲ. ಕುಣಿಗಲ್ಲಿನಿಂದ ಜಿಲ್ಲಾ ಕೇಂದ್ರಕ್ಕೆ ಬರಬೇಕಾದ ಸಾಮಾನ್ಯರಿಗೆ ಇಂದಿಗೂ ಬಸ್ಸೇ ಗತಿ. ಆದುದರಿಂದ ಬಸ್ಸಿನ ಆಡಳಿತ ಯಾರ ಕೈಯಲ್ಲಿದೆಯೆಂಬುದು ನಮಗೆ ಸಣ್ಣ ಮಾತಲ್ಲ.

ಮೈಸೂರು ಸರ್ಕಾರವು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಇಲಾಖೆಯು ಸರ್ಕಾರದ ಅಂಗ. ನಿಗಮವಾದರೋ ಆದಾಯ ವೆಚ್ಚಗಳನ್ನು ವರ್ತಕನಂತೆ ತೂಗಿ ನೋಡಬೇಕಾದ ಸಂಸ್ಥೆ. ಅದರ ಅಧ್ಯಕ್ಷ ಪೀಠಕ್ಕೆ ಮಾತ್ರ ಬಹುಕಾಲದಿಂದ ರಾಜಕಾರಣಿಗಳೇ ಬರುತ್ತಿದ್ದಾರೆ.

2024ರ ಜನವರಿಯಲ್ಲಿ ಆ ಪೀಠಕ್ಕೆ ನೇಮಕಗೊಂಡವರು ಗುಬ್ಬಿಯ ಶಾಸಕ ಎಸ್.ಆರ್. ಶ್ರೀನಿವಾಸ್. ಕ್ಷೇತ್ರದ ಜನರಿಗೆ ಇವರು ‘ವಾಸು’ ಎಂದೇ ಪರಿಚಿತರು. ಜಾತ್ಯತೀತ ಜನತಾದಳದಿಂದ ಹಲವು ಬಾರಿ ಗೆದ್ದು, 2018ರ ಕುಮಾರಸ್ವಾಮಿ ಮಂತ್ರಿಮಂಡಲದಲ್ಲಿ ಸಣ್ಣ ಕೈಗಾರಿಕಾ ಸಚಿವರಾಗಿದ್ದರು. 2022ರ ರಾಜ್ಯಸಭಾ ಚುನಾವಣೆಯ ಸಂದರ್ಭದಲ್ಲಿ ಪಕ್ಷದೊಡನೆ ಬಿರುಕು ಉಂಟಾಯಿತು. 2023ರಲ್ಲಿ ಕಾಂಗ್ರೆಸ್ಸನ್ನು ಸೇರಿ ಮತ್ತೆ ಗೆದ್ದರು. ಪಕ್ಷ ಬದಲಾದರೂ ಮತದಾರರು ಕೈಬಿಡಲಿಲ್ಲವೆಂಬುದು ಗಮನಾರ್ಹ.

ಅವರು ಅಧಿಕಾರ ವಹಿಸಿಕೊಂಡ ಕಾಲ ಸುಲಭದ್ದಾಗಿರಲಿಲ್ಲ. ಸ್ತ್ರೀಯರಿಗೆ ಉಚಿತ ಪ್ರಯಾಣ ನೀಡುವ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಿತ್ತು. ಬಸ್ಸುಗಳು ತುಂಬಿದವು, ಉಚಿತ ಟಿಕೆಟಿನ ಹಣವನ್ನು ನಿಗಮಕ್ಕೆ ಕೊಡಬೇಕಾದುದು ಸರ್ಕಾರ. ಇತ್ತ ಪ್ರಯಾಣದರ 2020ರಿಂದ ಏರಿರಲಿಲ್ಲ. ಡೀಸೆಲಿನ ಬೆಲೆಯೂ ನೌಕರರ ವೇತನವೂ ಹಾಗೆಯೇ ನಿಂತಿರಲಿಲ್ಲ. 2024ರ ಜುಲೈಯಲ್ಲಿ ಶ್ರೀನಿವಾಸರು ಮೂರು ತಿಂಗಳಲ್ಲಿ 295 ಕೋಟಿ ರೂಪಾಯಿ ನಷ್ಟವಾಗಿದೆಯೆಂದೂ ದರವನ್ನು ಶೇಕಡ 15ರಿಂದ 20ರಷ್ಟು ಏರಿಸಬೇಕೆಂದೂ ಬಹಿರಂಗವಾಗಿ ಹೇಳಿದರು. ವಿರೋಧ ಪಕ್ಷದವರಿಗೆ ಇದು ಒಳ್ಳೆಯ ಅಸ್ತ್ರವಾಯಿತು. ಮತ ಕೇಳುವ ಶಾಸಕನ ಬಾಯಿಂದ ಬರಲು ಅಂಜುವ ಮಾತು ನಿಗಮದ ಅಧ್ಯಕ್ಷನ ಬಾಯಿಂದ ಬಂದುದನ್ನು ನಾವು ದೋಷವೆನ್ನಲಾರೆವು. ನಷ್ಟವನ್ನು ಮುಚ್ಚಿಟ್ಟಿದ್ದರೆ ಮೊದಲು ನಿಲ್ಲುತ್ತಿದ್ದುದು ಹಳ್ಳಿಯ ಬಸ್ಸೇ. ಆದರೆ ದರ ಏರಿದಾಗ ಭಾರ ಬೀಳುವುದು ಟಿಕೆಟು ಕೊಳ್ಳಲೇಬೇಕಾದ ಕೂಲಿಕಾರನ ಮೇಲೆ ಎಂಬುದನ್ನೂ ಮರೆಯಲಾಗದು.

ಮಂತ್ರಿಮಂಡಲದ ಒಪ್ಪಿಗೆಯಂತೆ 2025ರ ಜನವರಿ 5ರಿಂದ ಪ್ರಯಾಣದರ ಶೇಕಡ 15ರಷ್ಟು ಏರಿತು. ಸ್ತ್ರೀಯರ ಉಚಿತ ಪ್ರಯಾಣ ಹಾಗೆಯೇ ಮುಂದುವರಿಯಿತು.