ಹಿಂದೂಪುರ–ಕಲ್ಯಾಣದುರ್ಗ: ವಿಮಾನ ದೂರ ಎಷ್ಟು, ಪ್ರಯಾಣಕ್ಕೆ ಎಷ್ಟು ಹೊತ್ತು?

ಆಂಧ್ರಪ್ರದೇಶದ ಹಿಂದೂಪುರ ಮತ್ತು ಕಲ್ಯಾಣದುರ್ಗ ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಊರುಗಳು. ಎರಡೂ ಮೊದಲು ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರಲ್ಲಿ ಜಿಲ್ಲೆ ವಿಂಗಡಣೆಯಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹುಣಸೆ, ಮೆಣಸು, ರೇಷ್ಮೆಗೂಡಿನ ಮಾರುಕಟ್ಟೆಗೆ ಹಿಂದೂಪುರ ಹೆಸರುವಾಸಿ. ವ್ಯಾಪಾರಕ್ಕೆಂದು ಆ ಕಡೆ ಹೋಗುವ ನಮ್ಮ ಯುವಕರಿಗೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

ವಿಮಾನ ದೂರ

ಎರಡೂ ಊರುಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 90 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಭಾಗಿಸಿದರೆ ಬರೀ 7 ನಿಮಿಷ! ಆದರೆ ಇದು ಕಾಗದದ ಮೇಲಿನ ಲೆಕ್ಕ ಅಷ್ಟೇ. ಇಷ್ಟು ಕಡಿಮೆ ದೂರದಲ್ಲಿ ವಿಮಾನ ಏರಿ ಇಳಿಯುವುದರಲ್ಲೇ ದಾರಿ ಮುಗಿದಿರುತ್ತದೆ, ಆ ವೇಗ ಸಿಗುವುದೇ ಇಲ್ಲ. ಅದೂ ಅಲ್ಲದೆ, ಎರಡೂ ಊರಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವೇ ಇಲ್ಲ. ಮಂಗಳೂರಿನಿಂದ ವಿಮಾನದಲ್ಲಿ ಹೋಗುವವರು ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಬೇಕು. ಅದು ದೇವನಹಳ್ಳಿ ಕಡೆ ಇರುವುದರಿಂದ ಹಿಂದೂಪುರಕ್ಕೆ ಹೋಗಲು ಬೆಂಗಳೂರು ಪೇಟೆಯೊಳಗೆ ಬರಬೇಕಾಗಿಲ್ಲ.

ರಸ್ತೆ ಮತ್ತು ರೈಲು

ಆ ನೇರ ಗೆರೆ ಹೆಚ್ಚುಕಡಿಮೆ ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಮೇಲೆಯೇ ಹಾದುಹೋಗುತ್ತದೆ. ರಸ್ತೆಯಲ್ಲೂ ಮಡಕಶಿರಾ, ಪಾವಗಡ ಮೂಲಕ ಹೋಗಬಹುದು. ಅಂದರೆ ಆಂಧ್ರದಿಂದ ಹೊರಟು, ಕರ್ನಾಟಕ ದಾಟಿ, ಮತ್ತೆ ಆಂಧ್ರಕ್ಕೆ. ಈ ದಾರಿ ಸುಮಾರು 110–120 ಕಿ.ಮೀ., ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ಬಾಡಿಗೆ ವಾಹನವಾದರೆ ಎರಡೂ ರಾಜ್ಯದ ಪರ್ಮಿಟ್ ಇದೆಯಾ ಅಂತ ಮೊದಲೇ ಕೇಳಿ.

ರೈಲು ನಿಲ್ದಾಣ ಎರಡೂ ಊರಲ್ಲಿ ಇದೆ, ಆದರೆ ಲೈನ್ ಬೇರೆ ಬೇರೆ. ಹಿಂದೂಪುರ ಇರುವುದು ಬೆಂಗಳೂರು–ಧರ್ಮಾವರಂ–ಗುಂತಕಲ್ ಮಾರ್ಗದಲ್ಲಿ, ಕಲ್ಯಾಣದುರ್ಗ ಇರುವುದು ರಾಯದುರ್ಗದ ಕಡೆಯ ಮಾರ್ಗದಲ್ಲಿ. ರೈಲಲ್ಲೇ ಹೋಗುತ್ತೇನೆಂದರೆ ದೊಡ್ಡ ಸುತ್ತು.

ಬಾಡಿಗೆ ಲೆಕ್ಕ ಹಾಕುವಾಗ

ಮೊಬೈಲ್‌ನಲ್ಲಿ ಎರಡು ಊರಿನ ದೂರ ಹುಡುಕಿದಾಗ ಕೆಲವೊಮ್ಮೆ ಮೊದಲು ಸಿಗುವುದು ವಿಮಾನ ದೂರ. ಅದನ್ನೇ ನಂಬಿ ಗಿರಾಕಿಗೆ ರೇಟು ಹೇಳಿದರೆ ಕೈಯಿಂದ ಹೋಗುತ್ತದೆ. ಉದಾಹರಣೆಗೆ ಲಾರಿ ಬಾಡಿಗೆ ಕಿ.ಮೀ.ಗೆ 30 ರೂ. ಎಂದಿಟ್ಟುಕೊಳ್ಳಿ. 90 ಕಿ.ಮೀ. ಲೆಕ್ಕದಲ್ಲಿ ಹೋಗಿ ಬರಲು 5,400 ರೂ. 120 ಕಿ.ಮೀ. ಲೆಕ್ಕದಲ್ಲಿ 7,200 ರೂ. ಒಂದೇ ಟ್ರಿಪ್ಪಿಗೆ 1,800 ರೂ. ವ್ಯತ್ಯಾಸ. ಸಣ್ಣ ವ್ಯಾಪಾರಿಗೆ ಕೆಲವು ಸಲ ಇಡೀ ಲಾಭವೇ ಅಷ್ಟಿರುತ್ತದೆ.

ಸರಕಿನ ಬೆಲೆ 50,000 ರೂ. ಮೀರಿದರೆ ಬೇಕಾಗುವ ಇ-ವೇ ಬಿಲ್‌ನಲ್ಲೂ ರಸ್ತೆ ದೂರವನ್ನೇ ಹಾಕಬೇಕು. ಸಾಮಾನ್ಯ ಸರಕಿಗೆ 200 ಕಿ.ಮೀ. ತನಕ ಒಂದು ದಿನದ ಅವಧಿ ಸಿಗುತ್ತದೆ, ಈ ದಾರಿಗೆ ಅದು ಧಾರಾಳ ಸಾಕು.

ಗಲ್ಫ್ ವಿಮಾನ ಹಿಡಿಯಲು ಈ ಊರುಗಳಿಂದ ಬೆಂಗಳೂರಿಗೆ ಹೊರಡುವವರಿಗೂ ಇದೇ ಮಾತು: ಹೊರಡುವ ಸಮಯವನ್ನು ರಸ್ತೆಯ ಗಂಟೆ ನೋಡಿ ಗೊತ್ತುಮಾಡಿ, ಗೆರೆಯ ಕಿಲೋಮೀಟರ್ ನೋಡಿ ಅಲ್ಲ.