ಪೌಂಡಿಗೆ ಎಷ್ಟು ಬತ್ತಿ?

ಬಟ್ಟೆಯನ್ನು ಕೊಳ್ಳುವವನು ಅಳತೆಗೋಲನ್ನು ನೋಡಿಕೊಳ್ಳುತ್ತಾನೆ. ಅಕ್ಕಿಯನ್ನು ಕೊಳ್ಳುವವನು ತಕ್ಕಡಿಯ ಮುಳ್ಳನ್ನು ನೋಡಿಕೊಳ್ಳುತ್ತಾನೆ. ಮೇಣದ ಬತ್ತಿಯನ್ನು ಕೊಳ್ಳುವವನು ಏನನ್ನು ನೋಡಬೇಕು? ಅವನಿಗೆ ಬೇಕಾದುದು ಮೇಣವಲ್ಲ, ಬೆಳಕು. ಅದೂ ಇಷ್ಟು ಹೊತ್ತಿನ ಬೆಳಕು. ಅದು ಅಂಗಡಿಯಲ್ಲಿ ಕಾಣುವುದಿಲ್ಲ. ಮನೆಯಲ್ಲಿ ಉರಿಸಿದ ಮೇಲೆ ತಿಳಿಯುತ್ತದೆ. ಆಗ ದೂರು ಹೇಳೋಣವೆಂದರೆ ಸರಕೇ ಉಳಿದಿರುವುದಿಲ್ಲ. ಬತ್ತಿಯ ಗಾತ್ರವನ್ನು ಹೇಗೆ ಹೇಳಿದರೆ ಕೊಳ್ಳುವವನಿಗೆ ಮೋಸವಾಗದು ಎಂಬ ಈ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯುಂಟು.

ಆಲ್ಫ್ರೆಡ್ ದೊರೆಯ ಚರಿತ್ರೆಯನ್ನು ೮೯೩ರಲ್ಲಿ ಬರೆದ ಆಸರ್ ಎಂಬ ಪಾದ್ರಿ ಒಂದು ಸಂಗತಿಯನ್ನು ಹೇಳುತ್ತಾನೆ. ಹಗಲಿರುಳುಗಳನ್ನು ಅಳೆಯುವುದಕ್ಕಾಗಿ ದೊರೆಯು ೭೨ ಪೆನ್ನಿ ನಾಣ್ಯಗಳ ತೂಕದ ಮೇಣವನ್ನು ತರಿಸಿ, ಅದರಿಂದ ಸಮತೂಕದ ಆರು ಬತ್ತಿಗಳನ್ನು ಮಾಡಿಸಿದನಂತೆ. ಆರೂ ಉರಿದು ಮುಗಿದರೆ ೨೪ ಗಂಟೆ. ಮೊದಲು ತೂಗಿದುದು ಮೇಣವನ್ನು ಎಂಬುದೇ ಇಲ್ಲಿ ಮುಖ್ಯ. ಆದರೂ ಗಾಳಿ ಬೀಸಿದಾಗ ಬತ್ತಿಗಳು ಬೇಗ ಕರಗಿಹೋಗಿ ಲೆಕ್ಕ ತಪ್ಪುತ್ತಿದ್ದಿತು. ಅದಕ್ಕಾಗಿ ದೊರೆಯು ಮರ ಮತ್ತು ಎತ್ತಿನ ಕೊಂಬಿನ ತೆಳು ಹಾಳೆಗಳಿಂದ ಕಂದೀಲನ್ನು ಮಾಡಿಸಬೇಕಾಯಿತು.

ಅರಮನೆಯಿಂದ ಪೇಟೆಗೆ ಬರೋಣ. ಲಂಡನ್ನಿನಲ್ಲಿ ಬತ್ತಿ ಮಾಡುವವರ ಸಂಘಗಳು ಎರಡಿದ್ದುವು: ಕೊಬ್ಬಿನ ಬತ್ತಿಯವರಿಗೆ ೧೪೬೨ರಲ್ಲಿಯೂ ಜೇನುಮೇಣದವರಿಗೆ ೧೪೮೪ರಲ್ಲಿಯೂ ರಾಜಶಾಸನ ದೊರೆಯಿತು. ಜೇನುಮೇಣದಲ್ಲಿ ಅಗ್ಗದ ಕೊಬ್ಬನ್ನು ಬೆರೆಸುವ ಮೋಸವನ್ನು ತಡೆಯುವುದು ಎರಡನೆಯ ಸಂಘದ ದೊಡ್ಡ ಕೆಲಸ. ಸತ್ಯವೇ ಬೆಳಕು ಎಂಬುದು ಅದರ ಧ್ಯೇಯವಾಕ್ಯ. ವ್ಯಾಪಾರಿಗಳ ಧ್ಯೇಯವಾಕ್ಯಗಳನ್ನು ನಾವು ಪೂರ್ತಿಯಾಗಿ ನಂಬಬೇಕಾಗಿಲ್ಲ. ನಿಯಮವಿದ್ದಿತೆಂದರೆ ಅದನ್ನು ಮುರಿಯುವವರೂ ಇದ್ದರೆಂದೇ ಅರ್ಥ.

ಬಡವರ ಬತ್ತಿ ಕೊಬ್ಬಿನದು. ಕೋಲಿಗೆ ನೂಲಿನ ಬತ್ತಿಗಳನ್ನು ಸಾಲಾಗಿ ತೂಗಹಾಕಿ, ಕರಗಿದ ಕೊಬ್ಬಿನಲ್ಲಿ ಅದ್ದುವುದು, ಆರಿಸುವುದು, ಮತ್ತೆ ಅದ್ದುವುದು. ಹೀಗೆ ಕೈಯಿಂದ ಮಾಡಿದ ಎರಡು ಬತ್ತಿಗಳು ಒಂದೇ ಸಮನಾಗಿರುವುದು ಕಷ್ಟ. ಒಂದು ತುಸು ದಪ್ಪ, ಒಂದು ತುಸು ಸಣಕಲು. ಆದುದರಿಂದ ವ್ಯಾಪಾರಿಗಳು ಉದ್ದವನ್ನು ನೆಚ್ಚದೆ ಪೌಂಡಿನ ಲೆಕ್ಕವನ್ನು ಹಿಡಿದರು. ಆರರ ಬತ್ತಿಯೆಂದರೆ ಪೌಂಡಿಗೆ ಆರು ತೂಗುವುದು. ಎಂಟರ ಬತ್ತಿ ಪೌಂಡಿಗೆ ಎಂಟು. ಸಂಖ್ಯೆ ಹೆಚ್ಚಿದಷ್ಟೂ ಬತ್ತಿ ಚಿಕ್ಕದು. ಹೊಸಬನಿಗೆ ಇದು ತಲೆಕೆಳಗಾದ ಲೆಕ್ಕವೆಂದು ತೋರಬಹುದು. ನನಗಂತೂ ಇದಕ್ಕಿಂತ ಪ್ರಾಮಾಣಿಕವಾದ ಮಾತು ಆ ಕಸಬಿನಲ್ಲಿ ಹುಟ್ಟಲಿಲ್ಲವೆಂದು ತೋರುತ್ತದೆ. ಪ್ರತಿಯೊಂದು ಬತ್ತಿಯೂ ಸಮವೆಂದು ಮಾಡುವವನು ಆಣೆಯಿಡುವುದಿಲ್ಲ; ಎಂಟು ಸೇರಿದರೆ ಪೌಂಡು ತುಂಬುತ್ತದೆ ಎಂದಷ್ಟೇ ಹೇಳುತ್ತಾನೆ. ತನ್ನ ಕೈಗೆ ಸಾಧ್ಯವಾದಷ್ಟನ್ನೇ ಅವನು ಒಪ್ಪಿಕೊಂಡ. ಕೊಳ್ಳುವವಳು ಅದನ್ನು ತಕ್ಕಡಿಗೆ ಹಾಕಿ ನೋಡಬಹುದು.

ಸರ್ಕಾರವೂ ತೂಕವನ್ನೇ ಹಿಡಿಯಿತು. ೧೭೦೯ರ ಕಾಯಿದೆಯು ಮೇಣದ ಬತ್ತಿಗೆ ಪೌಂಡಿಗೆ ೪ ಪೆನ್ಸ್, ಕೊಬ್ಬಿನ ಬತ್ತಿಗೆ ಅರ್ಧ ಪೆನ್ನಿ ತೆರಿಗೆಯನ್ನು ವಿಧಿಸಿತು. ಪರವಾನಗಿಯಿಲ್ಲದೆ ಮನೆಯಲ್ಲಿ ಬತ್ತಿ ಮಾಡುವುದು ಅಪರಾಧವಾಯಿತು. ಜೊಂಡಿನ ತಿರುಳನ್ನು ಒಮ್ಮೆ ಕೊಬ್ಬಿನಲ್ಲಿ ಎಳೆದು ಸ್ವಂತಕ್ಕೆ ಉರಿಸಿಕೊಳ್ಳುವುದಕ್ಕೆ ಮಾತ್ರ ತೆರಿಗೆಯಿಲ್ಲ. ೧೮೩೧ರಲ್ಲಿ ತೆರಿಗೆ ರದ್ದಾಗುವವರೆಗೆ ಹಳ್ಳಿಯ ಬಡವರಿಗೆ ಈ ಜೊಂಡಿನ ದೀಪವು ದೊಡ್ಡ ಆಸರೆಯಾಗಿದ್ದಿತು.

ಸೆಲ್ಬೋರ್ನಿನ ಪಾದ್ರಿ ಗಿಲ್ಬರ್ಟ್ ವೈಟ್ ೧೭೮೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆ ಜೊಂಡಿನ ಲೆಕ್ಕವನ್ನು ಕೊಟ್ಟಿದ್ದಾನೆ. ಒಣಗಿದ ಜೊಂಡು ಪೌಂಡಿಗೆ ೧೬೦೦ ಬರುತ್ತದೆ. ೨ ಅಡಿ ೪½ ಅಂಗುಲದ ಒಂದು ಜೊಂಡನ್ನು ಗಡಿಯಾರವಿಟ್ಟು ಉರಿಸಿದಾಗ ೫೭ ನಿಮಿಷ ಉರಿಯಿತು. ಒಂದು ಫಾರ್ದಿಂಗಿಗೆ ಬಡ ಕುಟುಂಬಕ್ಕೆ ಐದೂವರೆ ಗಂಟೆಯ ಬೆಳಕು. ಉದ್ದ, ತೂಕ, ಹೊತ್ತು, ಬೆಲೆ, ನಾಲ್ಕನ್ನೂ ಒಂದೆಡೆ ಹೇಳಿದವನು ವ್ಯಾಪಾರಿಯಲ್ಲ. ಏನನ್ನೂ ಮಾರಬೇಕಾಗಿಲ್ಲದ ಒಬ್ಬ ಪಾದ್ರಿ!

ಮುಂದೆ ಸ್ಟಿಯರಿನ್ ಬಂದಿತು, ಅಚ್ಚಿನ ಯಂತ್ರಗಳು ಬಂದುವು, ಬತ್ತಿಗಳು ಒಂದರಂತೊಂದಾದುವು. ಅವು ಕಣ್ಣಿಗೆ ಸಮನಾಗಿ ಕಂಡಮೇಲೆ ತಕ್ಕಡಿಯನ್ನು ಕೇಳುವವರಾರು? ಆದರೆ ಹಳೆಯ ಆರರ ಬತ್ತಿಗೆ ಒಂದು ಗೌರವ ಕಾದಿದ್ದಿತು. ಲಂಡನ್ನಿನ ಅನಿಲ ದೀಪಗಳ ಬೆಳಕನ್ನು ಅಳೆಯಲು ೧೮೬೦ರ ಕಾಯಿದೆಯು ತಿಮಿಂಗಿಲದ ತಲೆಯ ಮೇಣದಿಂದ ಮಾಡಿದ, ಪೌಂಡಿಗೆ ಆರು ತೂಗುವ, ಗಂಟೆಗೆ ೧೨೦ ಗ್ರೇನ್ ಉರಿಯುವ ಬತ್ತಿಯನ್ನು ಪ್ರಮಾಣವಾಗಿ ಗೊತ್ತುಮಾಡಿತು. ಲೆಕ್ಕಹಾಕಿದರೆ ಅದು ಸುಮಾರು ಒಂಬತ್ತೂಮುಕ್ಕಾಲು ಗಂಟೆ ಉರಿಯಬೇಕು. ವಸ್ತು, ತೂಕ, ಉರಿಯುವ ವೇಗ, ಮೂರನ್ನೂ ಬತ್ತಿಯ ಹೆಸರಿನೊಳಗೆ ಸೇರಿಸಿದುದು ಆ ಕಾಯಿದೆ.

ಆ ಪ್ರಮಾಣದ ಹೆಸರು ವಿದ್ಯುದ್ದೀಪಕ್ಕೂ ಅಂಟಿಕೊಂಡು ನಮ್ಮ ಕನ್ನಡದ ಮನೆಗಳಿಗೆ ಬಂದಿತು. ಅರವತ್ತು ಕ್ಯಾಂಡಲ್ ಬಲ್ಬು ಕೊಡಿ ಎಂದು ಅಂಗಡಿಯಲ್ಲಿ ಕೇಳಿದವರಿಗೆ ಸಿಗುತ್ತಿದ್ದುದು ೬೦ ವಾಟಿನ ಬಲ್ಬು. ವಾಟು ಬೆಳಕಿನ ಅಳತೆಯಲ್ಲ, ಅದು ತಿನ್ನುವ ವಿದ್ಯುತ್ತಿನ ಅಳತೆ. ಇನ್ನು ಮಲಗುವ ಕೋಣೆಯ ಜೀರೋ ಕ್ಯಾಂಡಲ್ ಬಲ್ಬು ಇರುಳೆಲ್ಲ ಉರಿದು ಸುಮಾರು ೧೫ ವಾಟನ್ನು ತಿನ್ನುತ್ತಿದ್ದಿತು.