ಗೋಡೆಗೇರಿದ ಯುದ್ಧಕಾಲದ ನಗೆ

ಕೊಚ್ಚಿಯ ಕಲೂರು ಕಡೆಯ ಕಾಫಿ ಅಂಗಡಿಗಳಲ್ಲಿಯೂ ಹೊಸ ಫ್ಲ್ಯಾಟುಗಳ ಹಜಾರಗಳಲ್ಲಿಯೂ ಈಚೆಗೆ ಎರಡನೆಯ ಮಹಾಯುದ್ಧದ ಇಂಗ್ಲಿಷ್ ವ್ಯಂಗ್ಯಚಿತ್ರಗಳು ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿವೆ. ಬಸ್ಸಿನಲ್ಲಿ ಹರಟುತ್ತಿರುವ ಇಬ್ಬರು ಹೆಂಗಸರು, ಹಿಂದಿನ ಆಸನದಲ್ಲಿ ಕಿವಿಗೊಟ್ಟು ಕುಳಿತ ಹಿಟ್ಲರ್ ಮತ್ತು ಗೋರಿಂಗ್! ಸೋಫಾದ ಬಣ್ಣಕ್ಕೆ ಅದರ ಕೆಂಪು ಅಂಚು ಹೊಂದುತ್ತದೆ ಎಂಬುದೇ ಅನೇಕರಿಗೆ ಅದನ್ನು ಕೊಳ್ಳಲು ಸಾಕಾದ ಕಾರಣ. ಅಲಂಕಾರಕ್ಕೆ ನನ್ನ ತಕರಾರಿಲ್ಲ. ಆದರೆ ಆ ನಗೆ ಯಾವ ಭಯದಿಂದ ಹುಟ್ಟಿತು, ಅದೇ ದಿನಗಳಲ್ಲಿ ಈ ನೆಲದಲ್ಲಿ ಯಾವ ಭಯವಿತ್ತು ಎಂಬ ಪ್ರಶ್ನೆಯನ್ನು ಚೌಕಟ್ಟಿನಿಂದ ಹೊರಗಿಡುವುದು ನ್ಯಾಯವಲ್ಲ.

ಆ ಬಸ್ಸಿನ ಚಿತ್ರವನ್ನು ಬರೆದವನು ಸಿರಿಲ್ ಕೆನೆತ್ ಬರ್ಡ್. 1915ರಲ್ಲಿ ಗ್ಯಾಲಿಪೋಲಿಯ ರಣರಂಗದಲ್ಲಿ ಬೆನ್ನುಮೂಳೆಗೆ ತೀವ್ರ ಪೆಟ್ಟು ತಿಂದು ಹಿಂದಿರುಗಿದ ಈತ ‘ಫೂಗಾಸ್’ ಎಂಬ ಅಂಕಿತನಾಮವನ್ನು ಇಟ್ಟುಕೊಂಡ. ಫೂಗಾಸ್ ಎಂದರೆ ನೆಲದಲ್ಲಿ ಹೂತಿಡುವ ಒಂದು ಬಗೆಯ ಒರಟು ಸಿಡಿಗುಂಡು. ಗುರಿಗೆ ತಗುಲಬಹುದು, ತಗುಲದೆಯೂ ಇರಬಹುದು. ವ್ಯಂಗ್ಯಚಿತ್ರಕಾರನಿಗೆ ಇದಕ್ಕಿಂತ ಪ್ರಾಮಾಣಿಕವಾದ ಹೆಸರು ಸಿಗಲಾರದು. 1940ರಲ್ಲಿ ಬ್ರಿಟನ್ನಿನ ವಾರ್ತಾ ಮಂತ್ರಾಲಯಕ್ಕಾಗಿ, ಅಜಾಗರೂಕವಾದ ಮಾತು ಪ್ರಾಣ ತೆಗೆಯುತ್ತದೆ ಎಂದು ಎಚ್ಚರಿಸುವ ಎಂಟು ಭಿತ್ತಿಪತ್ರಗಳನ್ನು ಅವನು ಸಂಭಾವನೆಯಿಲ್ಲದೆ ಬರೆದುಕೊಟ್ಟ. ಅವುಗಳಲ್ಲೊಂದರಲ್ಲಿ ಇಬ್ಬರು ಮಾತಿನಲ್ಲಿ ಮುಳುಗಿದ್ದಾರೆ. ಅವರ ಬೆನ್ನ ಹಿಂದಿನ ಗೋಡೆಕಾಗದದ ತುಂಬ ಹೂಬಳ್ಳಿಯ ಬದಲು ಹಿಟ್ಲರನ ಮುಖಗಳು. ಗೋಡೆಗೂ ಕಿವಿಯಿದೆ ಎಂಬ ನಮ್ಮ ಗಾದೆಯೇ ಅಲ್ಲಿನ ಒಕ್ಕಣೆಯೂ ಹೌದು. ಗೋಡೆಯ ಅಲಂಕಾರವನ್ನೇ ನಂಬಬೇಡವೆಂದ ಚಿತ್ರ ಇಂದು ಗೋಡೆಯ ಅಲಂಕಾರವಾಗಿದೆ.

ಆದರೂ ಫೂಗಾಸನ ಮಟ್ಟಿಗೆ ಗೋಡೆ ತವರುಮನೆಯೇ. ಆ ಚಿತ್ರಗಳು ಕಚೇರಿ, ಕಾರ್ಖಾನೆ, ನಿಲ್ದಾಣಗಳ ಗೋಡೆಗಳಿಗೆಂದೇ ಹುಟ್ಟಿದವು. ಅವುಗಳ ಹಿನ್ನೆಲೆ ಅಚ್ಚಬಿಳಿ. ಇಂದಿನ ಮಾರಾಟಗಾರರು ಹಳತೆಂದು ತೋರಿಸಲು ಅದಕ್ಕೆ ಚಹಾದ ಕಲೆಯಂಥ ಕಂದು ಬಣ್ಣ ಬಳಿಯುವುದು ಮಾತ್ರ ಹಾಸ್ಯಾಸ್ಪದ. ಯುದ್ಧದ ನಗೆಯನ್ನು ಮನೆಯ ಸಾಮಾನಾಗಿ ಮಾರುವುದಂತೂ ಇನ್ನೂ ಹಳೆಯ ವ್ಯಾಪಾರ. ಅವಿಭಜಿತ ಹಿಂದೂಸ್ತಾನದ ಮರ್ರಿಯಲ್ಲಿ 1887ರಲ್ಲಿ ಹುಟ್ಟಿದ ಬ್ರೂಸ್ ಬೇರ್ನ್ಸ್‌ಫಾದರ್ ಮೊದಲ ಮಹಾಯುದ್ಧದ ಕಂದಕಗಳಿಂದ ಬರೆದ ‘ಓಲ್ಡ್ ಬಿಲ್’ ಎಂಬ ಮೀಸೆಯ ಸೈನಿಕನ ಚಿತ್ರಗಳು ಆಗಲೇ ಪಿಂಗಾಣಿ ತಟ್ಟೆ, ಲೋಟಗಳ ಮೇಲೆ ಅಚ್ಚಾಗಿ ಮಾರಾಟವಾಗಿದ್ದವು.

ಪತ್ರಿಕೆಯ ವ್ಯಂಗ್ಯಚಿತ್ರದ ಸಂಗತಿ ಬೇರೆ. ಅದು ಸುದ್ದಿಯ ಪಕ್ಕದಲ್ಲಿ ಒಂದು ದಿನ ಬಾಳುವಂಥದು. ಡೇವಿಡ್ ಲೋ 1939ರ ಸೆಪ್ಟೆಂಬರ್ 20ರಂದು ಪ್ರಕಟಿಸಿದ ಚಿತ್ರದಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಹ್ಯಾಟು ತೆಗೆದು ಪರಸ್ಪರ ಬಾಗಿ ನಮಸ್ಕರಿಸುತ್ತಾರೆ; ನಡುವೆ ಪೋಲೆಂಡಿನ ಹೆಣ. ದಿನಾಂಕವನ್ನು ಕತ್ತರಿಸಿ ತೂಗುಹಾಕಿದರೆ ಅಲ್ಲಿ ಉಳಿಯುವುದು ಇಬ್ಬರು ಮೀಸೆಯವರ ವಿನಯ ಮಾತ್ರ. ಇದೇ ಲೋ ‘ದಿ ಹಿಂದೂ’ ಪತ್ರಿಕೆಯ ಮೂಲಕ ಮೈಸೂರಿಗೂ ಬರುತ್ತಿದ್ದ. ಆ ಚಿತ್ರಗಳಿಗೆ ಮರುಳಾದ ಬಾಲಕ ಆರ್. ಕೆ. ಲಕ್ಷ್ಮಣ್, ರುಜುವಿನ ಮೊದಲ ಅಕ್ಷರ ತಿಳಿಯದೆ, ಬಹುಕಾಲ ಅದನ್ನು ‘ಕೌ’ ಎಂದೇ, ಅಂದರೆ ಹಸುವೆಂದೇ ಓದಿಕೊಂಡಿದ್ದರಂತೆ.

ಇನ್ನು ಈ ನೆಲದ ಮಾತು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಯಿತು. ಲಂಡನ್ನಿಗೆ ಅದು ಸೇನೆಯ ಹಿಮ್ಮೆಟ್ಟುವಿಕೆ. ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಿಗೆ ಅಡುಗೆಮನೆಯ ಮೇಲೆ ಬಿದ್ದ ಬಾಂಬು. ಈ ಸಂಸ್ಥಾನಗಳು ತಮಗೆ ಬೇಕಾದ ಅಕ್ಕಿಯಲ್ಲಿ ಬಹಳಷ್ಟನ್ನು ಹೊರಗಿನಿಂದ, ಮುಖ್ಯವಾಗಿ ಬರ್ಮಾದಿಂದ ತರಿಸಿಕೊಳ್ಳುತ್ತಿದ್ದವು. ಅದು ನಿಂತೊಡನೆ ಪಡಿತರ ಬಂತು, ಅನ್ನದ ಜಾಗದಲ್ಲಿ ಮರಗೆಣಸು ಬಂತು. ಕೊಚ್ಚಿಯ ಬಂದರು ನೌಕಾಪಡೆಯ ಕೈಯಲ್ಲಿತ್ತು. ನಾವು ಸಾರದ ಯುದ್ಧಕ್ಕೆ ನಮ್ಮ ಹೊಟ್ಟೆ ಸುಂಕ ಕಟ್ಟಿತು. ಮಲಯಾಳದ ಮೊದಲ ವ್ಯಂಗ್ಯಚಿತ್ರವೆಂದು ಒಪ್ಪಿಕೊಂಡಿರುವ ‘ಮಹಾಕ್ಷಾಮದೇವತೆ’ಯೂ ಹಿಂದಿನ ಮಹಾಯುದ್ಧದ ಬೆನ್ನಿಗೇ ಬಂದ ಹಸಿವಿನದು. 1919ರಲ್ಲಿ ಕೊಲ್ಲಂನ ‘ವಿದೂಷಕನ್’ ಪತ್ರಿಕೆ ಅದನ್ನು ಅಚ್ಚುಮಾಡಿತು. ಎರಡು ಯುದ್ಧಗಳಲ್ಲಿಯೂ ಇಲ್ಲಿನ ಶತ್ರುವಿಗೆ ಹಿಟ್ಲರನ ಮೀಸೆಯಿರಲಿಲ್ಲ, ಖಾಲಿ ಮೊರವಿತ್ತು.

ಕನ್ನಡದ ನಗೆಗೂ 1942 ಮುಖ್ಯವಾದ ವರ್ಷ. ‘ರಾಶಿ’ ಎಂಬ ಕಾವ್ಯನಾಮದ ವೈದ್ಯ ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ‘ಕೊರವಂಜಿ’ಯನ್ನು ಹೊರಡಿಸಿದ್ದು ಆಗಲೇ. ಕಾಗದ ದುರ್ಲಭ, ಸೀಮೆಎಣ್ಣೆ ದುರ್ಲಭ, ಅಂಥ ಹೊತ್ತಿನಲ್ಲಿ ನಗಿಸುವುದಕ್ಕೆಂದೇ ಒಂದು ಮಾಸಪತ್ರಿಕೆ! ಅದರ ಬೆನ್ನಿಗೆ ಯಾವ ಮಂತ್ರಾಲಯವೂ ಇರಲಿಲ್ಲ. ಮಹಾರಾಜಾ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಅದರ ಪ್ರಮುಖ ಲೇಖಕರಲ್ಲೊಬ್ಬರಾದ ನಾ. ಕಸ್ತೂರಿ ಹುಟ್ಟಿದ್ದಾದರೂ ಎಲ್ಲಿ? ಕಲೂರಿನಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ತೃಪ್ಪೂಣಿತ್ತುರದಲ್ಲಿ. ಮಲಯಾಳದ ಮನೆಯಿಂದ ಮೈಸೂರಿಗೆ ಬಂದು, ಕಲಿತ ಭಾಷೆಯಲ್ಲಿ ‘ಅನರ್ಥಕೋಶ’ವನ್ನು ರಚಿಸಿ, ಹುಟ್ಟುಕನ್ನಡಿಗರನ್ನೇ ನಗಿಸಿದವರು ಅವರು. ಕೇರಳದಲ್ಲಿ ನೆಲೆಸಿ ಕನ್ನಡವನ್ನು ಉಳಿಸಿಕೊಳ್ಳಲು ಹೆಣಗುವ ನಮಗೆ ಈ ವಿರುದ್ಧ ದಿಕ್ಕಿನ ಪಯಣ ತಿಳಿದಿರಬೇಕು.

ಕೇರಳ ದೇಶಕ್ಕೆ ಕೊಟ್ಟ ಶಂಕರ್ ಅವರ ಕಥೆ ಇನ್ನೊಂದು ಬಗೆಯದು. ಕಾಯಂಕುಳದಲ್ಲಿ 1902ರಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ಪದವಿ ಪಡೆದು, 1932ರಿಂದ ದೆಹಲಿಯ ‘ಹಿಂದೂಸ್ತಾನ್ ಟೈಮ್ಸ್’ ಪತ್ರಿಕೆಗೆ ಬರೆದ ಅವರು ಯುದ್ಧದ ವರ್ಷಗಳಲ್ಲಿ ಚುಚ್ಚಿದ್ದು ಬರ್ಲಿನ್ನನ್ನಲ್ಲ, ದೆಹಲಿಯ ಸರ್ಕಾರವನ್ನು. ಸೋಜಿಗವೆಂದರೆ ಅವರ ಅಭಿಮಾನಿಗಳ ಸಾಲಿನಲ್ಲಿ ವಿಲಿಂಗ್ಡನ್, ಲಿನ್‌ಲಿತ್‌ಗೋರಂಥ ವೈಸರಾಯ್‌ಗಳೇ ಇದ್ದರು. ಚುಚ್ಚಿಸಿಕೊಂಡವನೇ ಮೆಚ್ಚಿದಾಗ ವ್ಯಂಗ್ಯದ ಮೊನೆ ಅರ್ಧ ಮೊಂಡಾಗುತ್ತದೆ ಎಂಬುದು ನನ್ನ ಸಂದೇಹ. ಕಲೂರಿನ ಗೋಡೆಗಳಲ್ಲಿ ಆಗುತ್ತಿರುವುದೂ ಅದಕ್ಕೆ ದೂರದ್ದಲ್ಲ.

ಆದ್ದರಿಂದ ಕೊಳ್ಳುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಚಿತ್ರವನ್ನು ಕತ್ತರಿಸದೆ, ಕೆಳಗಿನ ಒಕ್ಕಣೆ, ರುಜು, ದಿನಾಂಕಗಳೊಡನೆ ಚೌಕಟ್ಟು ಹಾಕಿಸಿ. ಫೂಗಾಸನ ಪಕ್ಕದಲ್ಲಿ ಒಂದು ಮೊಳೆಯನ್ನು ಬಿಟ್ಟಿರಿ. ‘ಮಹಾಕ್ಷಾಮದೇವತೆ’ಗಾಗಿ, ಇಲ್ಲವೆ ಅಜ್ಜನ ಪೆಟ್ಟಿಗೆಯ ತಳದಲ್ಲಿ ಹಳೆಯ ‘ಕೊರವಂಜಿ’ ಇದ್ದರೆ ಅದರ ಒಂದು ಪುಟಕ್ಕಾಗಿ. ಪುಟವನ್ನು ಹರಿಯಬೇಡಿ, ನಕಲು ತೆಗೆಸಿಕೊಳ್ಳಿ. ಮೂಲವನ್ನು ಬಿಸಿಲು ತಾಗದ ಕಡೆ ಇಡಿ. ಕೊಚ್ಚಿಯ ಮಳೆಗಾಲದ ತೇವಕ್ಕೆ ಹಳೆಯ ಕಾಗದ ಬೇಗ ಬೂಷ್ಟು ಹಿಡಿಯುತ್ತದೆ. ತಿರುವನಂತಪುರಕ್ಕೆ ಹೋಗುವಾಗ ದಾರಿಯಲ್ಲಿ ಕಾಯಂಕುಳದ ಕೃಷ್ಣಪುರದಲ್ಲಿ ಇಳಿದರೆ, ಶಂಕರ್ ಹೆಸರಿನ ವ್ಯಂಗ್ಯಚಿತ್ರ ಸಂಗ್ರಹಾಲಯವನ್ನೂ ನೋಡಿಬರಬಹುದು.